ಪಂಚಾಂಗ ಸಿಸ್ಟರ್

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮೀಟಿಂಗ್‌ನಲ್ಲಿ ನನಗೆ ಇಟ್ಟ ಹೆಸರಿದು. ಅವತ್ತು ನಕ್ಕವರೇ ಹೋದ ತಿಂಗಳು ಬಂದು, ಹೆರಿಗೆ ದಿನವನ್ನು ಹಬ್ಬದ ಲೆಕ್ಕದಲ್ಲಿ ಹೇಳೋ ನನ್ನ ಚಾರ್ಟಿನ ಫೋಟೊ ಹೊಡೆದುಕೊಂಡು ಹೋದರು. ಅದಕ್ಕೇ ಬರೀತಿದ್ದೀನಿ.

ನನ್ನದು ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯ ಸಬ್‌ಸೆಂಟರ್, ಅಂದರೆ ಆರೋಗ್ಯ ಉಪಕೇಂದ್ರ. ಅರ್ಧ ಜನ ಹೊಲದೊಳಗಿನ ದೊಡ್ಡಿಗಳಲ್ಲೇ, ಅಂದರೆ ಊರಾಚೆಯ ಸಣ್ಣ ಮನೆಗುಂಪುಗಳಲ್ಲೇ ಇರೋದು. ಎಲ್‌ಎಂಪಿ, ಅಂದರೆ ಕೊನೇ ಸಲ ಮುಟ್ಟಾದ ದಿನ ಕೇಳಿದರೆ ಯಾರೂ ತಾರೀಖು ಹೇಳಲ್ಲ, 'ಸೀಗಿಹುಣ್ಣಿಮಿ ಮುಂದ ಕಡಿಗಾಗಿದ್ನಿರಿ' ಅಂತಾರೆ. ತಾಯಿ ಕಾರ್ಡಿಗೆ ಅಂದಾಜಿನ ತಾರೀಖು ಬರೆದು ಕೈತೊಳಕೊಂಡರೆ ಹದಿನೈದು ದಿನ ಹಿಂದೆಮುಂದೆ. ವರ್ಷಕ್ಕೆ ಸುಮಾರು ತೊಂಬತ್ತು ಹೆರಿಗೆಯಲ್ಲಿ ಎಂಟೊಂಬತ್ತು ದೊಡ್ಡಿಯಲ್ಲೇ ಆಗಿಬಿಡ್ತಿತ್ತು.

ತಾರೀಖಿನ ಸಹವಾಸ ಬಿಟ್ಟೆ, ಹಬ್ಬಕ್ಕೆ ಹಬ್ಬ ಜೋಡಿಸಿದೆ. ಕಾರಹುಣ್ಣಿಮೆಗೆ ಮುಟ್ಟಾಗಿದ್ದರೆ ಹೆರಿಗೆ ಯುಗಾದಿಗೆ; ಹಾಗೇ ಸೀಗಿಹುಣ್ಣಿಮೆಗೆ ನಾಗರ ಅಮಾವಾಸ್ಯೆ, ಎಳ್ಳಮಾವಾಸ್ಯೆಗೆ ಸೀಗಿಹುಣ್ಣಿಮೆ. ಎಣಿಸಿ ನೋಡಿ, ಮುಟ್ಟಿನಿಂದ ಹೆರಿಗೆಗೆ ಲೆಕ್ಕ ಹಾಕೋ 280 ದಿನಕ್ಕೆ ಒಂದೆರಡು ದಿನ ಆಚೀಚೆ ಅಷ್ಟೆ. ಅತ್ತೆಗೂ ಗೊತ್ತಾಗುತ್ತೆ, ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ಡ್ರೈವರಿಗೂ ಗೊತ್ತಾಗುತ್ತೆ.

ಮೊದಲ ವರ್ಷವೇ ಮುಗ್ಗರಿಸಿದೆ. 2023ರ ಕಾರಹುಣ್ಣಿಮೆಯವಳಿಗೆ ಯುಗಾದಿ ಹೇಳಿದ್ದೆ, ಅವಳು ಶಿವರಾತ್ರಿಗೇ ದೊಡ್ಡಿಯಲ್ಲಿ ಹೆತ್ತಳು. ಆ ವರ್ಷ ಶ್ರಾವಣ ಅಧಿಕ ಮಾಸ, ಯುಗಾದಿ ಒಂದು ತಿಂಗಳು ತಡವಾಗಿತ್ತು! ಒಂದು ತಿಂಗಳು ಕಳೆಯೋದನ್ನೇ ಮರೆತಿದ್ದೆ. ರಕ್ತ ಜಾಸ್ತಿ ಹೋಗಿತ್ತು. ತಾಯಿ ಉಳಿದದ್ದು ನನ್ನ ಪುಣ್ಯ.

ಇನ್ನು ದುಡ್ಡು. 108 ಆಂಬುಲೆನ್ಸ್ ದೊಡ್ಡಿಯ ದಾರಿಗೆ ಇಳಿಯಲ್ಲ, ಡಾಂಬರು ರಸ್ತೆವರೆಗೆ ನಾವೇ ತರಬೇಕು. ರಾತ್ರಿ ಟಂಟಂ ಐದಾರು ನೂರು ಕೇಳುತ್ತೆ. ಹೆರಿಗೆಗೆ ಸರ್ಕಾರ ಕೊಡೋ ಜನನಿ ಸುರಕ್ಷಾದ 700 ರೂಪಾಯಿ ತಾಯಿಯ ಖಾತೆಗೆ ಬೀಳೋದು ಯಾವಾಗಲೋ. ಊರಿನ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರೋ 10,000ದಲ್ಲಿ ಮೂವರು ಡ್ರೈವರುಗಳಿಗೆ ಮುಂಗಡ ಕೊಟ್ಟೆ. ಆಡಿಟ್‌ನವರು 'ಬಿಲ್ ಎಲ್ಲಿ' ಅಂದರು. ಟಂಟಂನವನು ಎಲ್ಲಿಂದ ಬಿಲ್ ಕೊಡ್ತಾನೆ? ಎರಡು ಸಾವಿರ ನನ್ನ ಕೈಯಿಂದಲೇ ಹೋಯ್ತು. ಈಗ ವೋಚರ್ ಮೇಲೆ ಆಶಾ ಕಾರ್ಯಕರ್ತೆ, ಬಾಣಂತಿಯ ಗಂಡ ಇಬ್ಬರದೂ ಸಹಿ ಹಾಕಿಸ್ತೀನಿ. ರಾತ್ರಿ ಎರಡಕ್ಕೂ ಡ್ರೈವರ್ ಫೋನ್ ಎತ್ತೋ ಹಾಗೆ ಹೇಗೆ ಮಾಡಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ತವರಿಗೆ ಬಂದ ಚೊಚ್ಚಲು ಬಸಿರಿಯರು ಯಾರ ಪಟ್ಟಿಯಲ್ಲೂ ಇರಲ್ಲ. ನಾಗರ ಪಂಚಮಿ ದಿನ ಜೋಕಾಲಿ ಹತ್ತಿರ ನಿಂತೆ, ಉಂಡಿ ತಿನ್ನುತ್ತಾ ಐವರನ್ನು ಬರೆದುಕೊಂಡೆ. ಕಬ್ಬಿಣದ ಮಾತ್ರೆಯ ಖಾಲಿ ಸ್ಟ್ರಿಪ್ ತಂದವರಿಗೆ ಬಳೆ ಕೊಟ್ಟೂ ನೋಡಿದೆ. ಮಾತ್ರೆ ತಿಪ್ಪೆಗೆ, ಸ್ಟ್ರಿಪ್ ನನಗೆ! ಬಿಟ್ಟುಬಿಟ್ಟೆ.

ಹೋದ ವರ್ಷ ಹೊರಗಾದದ್ದು ಒಂದೇ ಹೆರಿಗೆ, ಅದೂ ಟಂಟಂನಲ್ಲಿ, ಆಶಾ ಪಕ್ಕದಲ್ಲೇ ಇದ್ದಳು. ಫೋಟೊ ಹೊಡೆದುಕೊಂಡವರು ಗಮನಿಸಿ: 2026ರಲ್ಲಿ ಜ್ಯೇಷ್ಠವೇ ಅಧಿಕ. ನನ್ನ ಚಾರ್ಟಿನಲ್ಲಿ ಅದಕ್ಕೆ ಆಮೇಲೆ ಎಳೆದ ಕೆಂಪು ಗೆರೆ ಇದೆ, ನಿಮ್ಮ ಫೋಟೊದಲ್ಲಿ ಇಲ್ಲ.