ಬೆನ್ನ ಮೇಲೊಂದು ಗುಂಡುಸೂಜಿ: ಟೀ ಸೊಳ್ಳೆಯನ್ನು ಗುರುತಿಸಿದ ನನ್ನ ಅನುಭವ

ಚಿಂತಾಮಣಿ ಸುತ್ತಮುತ್ತ ಗೋಡಂಬಿ ಬೆಳೆಯುವವರಿಗೆ ಟೀ ಸೊಳ್ಳೆಯ ಕಾಟ ಹೊಸದಲ್ಲ. ಮಳೆಗಾಲ ಕಳೆದು ಚಿಗುರು ಬಂದರೆ ಎಳೆಯ ಕಡ್ಡಿಗಳ ಮೇಲೆ ಕಪ್ಪು ಮಚ್ಚೆಗಳು ಮೂಡುತ್ತವೆ, ಮುಂದೆ ಹೂಗೊಂಚಲೇ ಸುಟ್ಟಂತೆ ಒಣಗುತ್ತದೆ. ಬದುವಿನ ಬೇವಿನ ಕುಡಿಗಳೂ ಕರಟುತ್ತವೆ, ಸೀಬೆಕಾಯಿಯ ಸಿಪ್ಪೆಯ ಮೇಲೆ ಕಜ್ಜಿಯಂತಹ ಕಲೆ ಏಳುತ್ತದೆ. ಮೂರಕ್ಕೂ ಕಾರಣ ಒಂದೇ ಕೀಟವೇ? ಹಾನಿಯನ್ನಷ್ಟೇ ನೋಡಿ ಇದನ್ನು ಹೇಳಲಾಗದು. ಬೇವು ಒಣಗುವುದರಲ್ಲಿ ಶಿಲೀಂಧ್ರದ ಪಾಲೂ ಇರುತ್ತದೆ. ಹಾಗಾಗಿ ಕೀಟವನ್ನೇ ಹಿಡಿದು ನೋಡಲು ನಿರ್ಧರಿಸಿದೆ.

ಹಿಡಿಯಲು ಬೆಳಗಿನ ತಂಪು ಹೊತ್ತೇ ಸರಿ. ಬಲೆ ಬೀಸಿದರೆ ಇದರ ಉದ್ದನೆಯ ಮೀಸೆ, ಕಾಲುಗಳು ಮುರಿದುಹೋಗುತ್ತವೆ. ಕೂತಲ್ಲಿಯೇ ಗಾಜಿನ ನಳಿಕೆ ಕವುಚುವುದು ಮೇಲು. ಸ್ಪಿರಿಟ್‌ನಲ್ಲಿ ಬಣ್ಣ ಮಾಸುತ್ತದೆ, ಆದ್ದರಿಂದ ಕೆಲವನ್ನಾದರೂ ಒಣಗಿಸಿಡಬೇಕು. ಆರೆಂಟು ಮಿಲಿಮೀಟರಿನ ಈ ಸಪೂರ ದೇಹಕ್ಕೆ ಸೂಜಿ ಚುಚ್ಚಬಾರದು. ತ್ರಿಕೋನಾಕಾರದ ದಪ್ಪ ಕಾಗದದ ತುದಿಗೆ ಒಂದಿಷ್ಟೇ ಗೋಂದು ಹಚ್ಚಿ ಪಕ್ಕೆಗೆ ಅಂಟಿಸುತ್ತೇನೆ. ಊರು, ದಿನಾಂಕ, ಯಾವ ಗಿಡ ಎಂಬ ಚೀಟಿ ಇಲ್ಲದ ಮಾದರಿಗೆ ನನ್ನ ಮಟ್ಟಿಗೆ ಬೆಲೆಯೇ ಇಲ್ಲ.

ಹೆಸರಿನಲ್ಲಿ ಸೊಳ್ಳೆ ಇದ್ದರೂ ಇದು ತಿಗಣೆಯ ಬಳಗ, ಮಿರಿಡೆ ಕುಟುಂಬ. ಮುಂದಿನ ರೆಕ್ಕೆಯ ಗಡುಸು ಭಾಗದ ಕೊನೆಯಲ್ಲಿ ಬೇರೆಯಾಗಿ ಕಾಣುವ ಮುಮ್ಮೂಲೆಯ ತುಂಡು, ತಲೆಯ ಮೇಲೆ ಸರಳ ಕಣ್ಣುಗಳಿಲ್ಲದಿರುವುದು, ಇವೆರಡರಿಂದ ಕುಟುಂಬ ತಿಳಿಯುತ್ತದೆ. ಹೆಲೋಪೆಲ್ಟಿಸ್ ಕುಲವನ್ನು ಗುರುತಿಸುವುದಂತೂ ನನಗೆ ಇಂದಿಗೂ ಖುಷಿ ಕೊಡುವ ಕೆಲಸ. ಕತ್ತಿನ ಫಲಕದ ಹಿಂದಿರುವ ಸ್ಕುಟೆಲ್ಲಮ್ ಮೇಲೆ ಗುಂಡುಸೂಜಿ ನೆಟ್ಟಂತೆ, ತುದಿಯಲ್ಲಿ ಗುಬುಟಿರುವ ಕೊಂಬೊಂದು ನಿಂತಿರುತ್ತದೆ. ಕೈಮಸೂರ ಸಾಕು, ಕಾಣುತ್ತದೆ. ಇದರ ಹತ್ತಿರದ ನೆಂಟ ಪ್ಯಾಕಿಪೆಲ್ಟಿಸ್‌ಗೆ ಈ ಕೊಂಬಿಲ್ಲ. ಮರಿಗಳನ್ನು ನೋಡುವಾಗ ಮಾತ್ರ ಎಚ್ಚರ: ಮೊದಲ ಹಂತದ ಮರಿಯಲ್ಲಿ ಕೊಂಬು ಇನ್ನೂ ಮೂಡಿರುವುದಿಲ್ಲ.

ಕುಲದಿಂದ ಪ್ರಭೇದಕ್ಕೆ ಇಳಿದರೆ ದಾರಿ ಕಡಿದಾಗುತ್ತದೆ. ಸಿನ್ಯೋರೆ 1858ರಲ್ಲಿ ಹೆಸರಿಸಿದ ಆಂಟೋನಿಯೈ, ವಾಟರ್‌ಹೌಸ್ 1886ರಲ್ಲಿ ಹೆಸರಿಸಿದ ಬ್ರಾಡಿಯೈ ಮತ್ತು ಥೀವೋರಾ ನಮ್ಮ ದೇಶದಲ್ಲಿ ಬೆಳೆಗಳಿಗೆ ಹೆಚ್ಚು ಹಾನಿ ಮಾಡುವಂಥವು. ಆಂಟೋನಿಯೈಗೆ ಕಪ್ಪು ತಲೆ, ಕೆಂಗಂದು ಎದೆ ಎಂದು ಹೇಳುವುದುಂಟು. ಆದರೆ ಬಣ್ಣ ಒಂದೇ ಪ್ರಭೇದದೊಳಗೂ ಬದಲಾಗುತ್ತದೆ, ಬಣ್ಣವನ್ನೇ ನಂಬಿ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ. ಏಷ್ಯಾದ ಪ್ರಭೇದಗಳ ಬಗ್ಗೆ ಸ್ಟೋನ್‌ಡಾಲ್ 1991ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಗಂಡಿನ ಜನನಾಂಗದ ರಚನೆಗೆ ಮಹತ್ವ ಕೊಡುತ್ತದೆ. ಹೊಟ್ಟೆಯಡಿ ಮೊಟ್ಟೆಯಿಡುವ ಅಂಗದ ಸೀಳಿದ್ದರೆ ಹೆಣ್ಣು. ಅದಿಲ್ಲದ ಗಂಡುಗಳನ್ನು ಆರಿಸಿ, ಹೊಟ್ಟೆಯ ತುದಿಯನ್ನು ಬಿಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮಾಂಸ ಕರಗಿಸಿ, ತೊಳೆದು ಗ್ಲಿಸರಿನ್ ಹನಿಯಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟೆ. ಒಳಗಿನ ಗಡುಸು ತಟ್ಟೆಯ ಆಕಾರವನ್ನು ಚಿತ್ರಗಳೊಡನೆ ಹೋಲಿಸುವುದು ತಾಳ್ಮೆ ಬೇಡುತ್ತದೆ; ಹೊರಳಿಸಿದಂತೆಲ್ಲ ಅದು ಬೇರೆಯಾಗಿ ಕಾಣುತ್ತದೆ. ಎಲ್ಲ ಮಾದರಿಗಳನ್ನೂ ಒಂದೇ ಭಂಗಿಯಲ್ಲಿಟ್ಟು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಗೋಡಂಬಿ, ಬೇವು, ಸೀಬೆ ಮೂರರಿಂದ ತಂದ ಗಂಡುಗಳೂ ಆಂಟೋನಿಯೈಗೆ ಹೊಂದಿದವು. ಆಮೇಲೆ ಗೋಡಂಬಿ ಚಿಗುರುವ ಮುನ್ನವೇ ಬದುವಿನ ಬೇವಿನ ಕುಡಿಗಳನ್ನು ನೋಡಿಬರುವುದನ್ನು ರೂಢಿಸಿಕೊಂಡಿದ್ದೇನೆ. ಎಳೆಯ ಕಾಂಡದೊಳಗೆ ಹುದುಗಿಸಿದ ಮೊಟ್ಟೆಯಿಂದ ಹೊರಚಾಚಿದ ಎರಡು ಬಿಳಿ ಎಳೆಗಳು, ಒಂದು ಗಿಡ್ಡ, ಒಂದು ಉದ್ದ, ಅಲ್ಲಿಯೇ ಮೊದಲು ಕಣ್ಣಿಗೆ ಬೀಳುತ್ತವೆ.