ಫೋರ್ಟ್ ಕ್ಲಾಕ್: ಕೋವಿಕಿಂಡಿಯ ಮನೆಯನ್ನು ನೋಡುವ ಕ್ರಮ

ನ್ಯೂಯಾರ್ಕ್ ರಾಜ್ಯದ ಮೋಹಾಕ್ ನದಿಯ ಉತ್ತರ ದಂಡೆಯಲ್ಲಿ, ಸೇಂಟ್ ಜಾನ್ಸ್‌ವಿಲ್ ಊರಿಗೆ ಸ್ವಲ್ಪ ಪೂರ್ವಕ್ಕೆ, ಯೊಹಾನೆಸ್ ಕ್ಲಾಕ್ 1750ರಲ್ಲಿ ಕಟ್ಟಿಸಿದ ಸುಣ್ಣಕಲ್ಲಿನ ಮನೆ ಇದು. ಹೆಸರಲ್ಲಿ ಕೋಟೆ ಇದೆಯೆಂದು ಚಿತ್ರದುರ್ಗವನ್ನು ಮನಸ್ಸಲ್ಲಿಟ್ಟುಕೊಂಡು ಹೋದರೆ ಹತ್ತೇ ನಿಮಿಷಕ್ಕೆ ಬೇಸರವಾದೀತು. ಬುರುಜಿಲ್ಲ, ಕಂದಕವಿಲ್ಲ. ಜರ್ಮನಿಯ ಪ್ಯಾಲಟಿನೇಟ್ ಸೀಮೆಯಿಂದ ವಲಸೆ ಬಂದವರ ಪೈಕಿ ಒಂದು ಕುಟುಂಬ, ಬೇಸಾಯ ಮತ್ತು ತುಪ್ಪಳದ ವ್ಯಾಪಾರ ಮಾಡುತ್ತ, ದಾಳಿ ಬಂದರೆ ಬಾಗಿಲು ಹಾಕಿಕೊಂಡು ಒಳಗಿಂದಲೇ ಕಾದಾಡಲು ಕಟ್ಟಿಕೊಂಡ ಮನೆ. ಹಾಗೆಂದುಕೊಂಡು ನೋಡಿದರೆ ಒಂದೊಂದು ಕಲ್ಲಿಗೂ ಕೆಲಸವಿರುವುದು ತಿಳಿಯುತ್ತದೆ.

ಆಲ್ಬನಿ ಕಡೆಯಿಂದ ಬರುವವರು ಐ-90 ಹೆದ್ದಾರಿಯ 29ನೇ ಎಕ್ಸಿಟ್, ಕ್ಯಾನಜೊಹಾರಿಯಲ್ಲಿ ಇಳಿದು, ಸೇತುವೆ ದಾಟಿ, ರೂಟ್ 5ರಲ್ಲಿ ಪಶ್ಚಿಮಕ್ಕೆ ಹೋಗಬೇಕು. ಸೇತುವೆ ದಾಟುವುದನ್ನು ಮರೆತರೆ ನದಿಯ ಆಚೆ ದಂಡೆಯಲ್ಲೇ ಉಳಿಯುತ್ತೀರಿ. ಚಳಿಗಾಲದಲ್ಲಿ ಮನೆ ಮುಚ್ಚಿರುತ್ತದೆ. ಬೇಸಿಗೆಯಲ್ಲೂ ಹೊರಡುವ ಹಿಂದಿನ ದಿನ ಫೋನ್ ಮಾಡಿ ಸಮಯ ಖಚಿತಪಡಿಸಿಕೊಳ್ಳಿ. ಹಿರಿಯರು ಜೊತೆಗಿದ್ದರೆ ಮೆಟ್ಟಿಲುಗಳ ಬಗ್ಗೆಯೂ ಆಗಲೇ ಕೇಳಿಬಿಡಿ. ಸ್ವಲ್ಪ ನಗದು ಇಟ್ಟುಕೊಂಡಿರಿ.

ಬಂದವರೆಲ್ಲ ನೇರ ಒಳಗೆ ನುಗ್ಗುತ್ತಾರೆ. ಹಾಗೆ ಮಾಡಬೇಡಿ, ಮೊದಲು ಮನೆಗೊಂದು ಸುತ್ತು ಬನ್ನಿ. ಸುಮಾರು ಎರಡಡಿ ದಪ್ಪದ ಗೋಡೆಯಲ್ಲಿ ನಾಲ್ಕೂ ಕಡೆ ಕೋವಿಕಿಂಡಿಗಳಿವೆ. ಹೊರಗಿನಿಂದ ಅವು ಬರೀ ಸಂದಿನಂತೆ ಕಾಣುತ್ತವೆ. ಒಂದು ಕಿಂಡಿಯನ್ನು ಗುರುತಿಟ್ಟುಕೊಂಡು, ಆಮೇಲೆ ಒಳಗೆ ಅದನ್ನೇ ಹುಡುಕಿ: ಒಳಬದಿ ಅಗಲವಾಗಿ ತೆರೆದುಕೊಂಡಿರುತ್ತದೆ. ಒಳಗಿದ್ದವನು ಕೋವಿಯ ನಳಿಗೆಯನ್ನು ಎಡಬಲಕ್ಕೆ ತಿರುಗಿಸಬಹುದು, ಹೊರಗಿದ್ದವನಿಗೆ ಗುರಿಯಿಡಲು ಬೆರಳಗಲದ ಜಾಗವೂ ಕಷ್ಟ. ಫೋಟೊ ತೆಗೆಯುವಾಗ ಕಿಂಡಿಯ ಬೆಳಕಿಗೆ ಫೋಕಸ್ ಕೊಟ್ಟರೆ ಗೋಡೆ ಕಪ್ಪಾಗುತ್ತದೆ; ಫೋನಿನ ಪರದೆಯಲ್ಲಿ ಪಕ್ಕದ ಕಲ್ಲಿನ ಮೇಲೆ ಬೆರಳೊತ್ತಿ. ಫ್ಲ್ಯಾಷ್ ಬೇಡ, ಕಿಂಡಿಯ ಓರೆ ಸಪಾಟಾಗಿ ಕಂಡುಬಿಡುತ್ತದೆ.

ನೆಲಮಾಳಿಗೆಯನ್ನು ಮಾತ್ರ ಬಿಡಲೇಬೇಡಿ. ಬಂಡೆಯಿಂದ ಒಸರುವ ಒರತೆಯೊಂದು ಅಲ್ಲೇ ಇದೆ. ನದಿ ಹತ್ತಿರವೇ ಹರಿಯುತ್ತಿದ್ದರೂ ದಾಳಿಯ ಹೊತ್ತಲ್ಲಿ ಬಾಗಿಲು ತೆರೆದು ನೀರಿಗೆ ಹೋಗುವಂತಿರಲಿಲ್ಲ. ಗೋಡೆ ಎಷ್ಟೇ ದಪ್ಪವಿದ್ದರೂ ಮನೆಮಂದಿಯನ್ನು, ಆಶ್ರಯಕ್ಕೆ ಬಂದ ನೆರೆಹೊರೆಯವರನ್ನು ಒಳಗೆ ಬದುಕಿಸಿದ್ದು ಈ ನೀರು. ನೆಲ ಜಾರುತ್ತದೆ, ಹಿಡಿತವಿರುವ ಶೂ ಬೇಕು. ಕಣ್ಣು ಕತ್ತಲಿಗೆ ಹೊಂದುವ ತನಕ ಕೊನೆಯ ಮೆಟ್ಟಿಲ ಮೇಲೇ ನಿಲ್ಲಿ.

ಹೊರಗೆ ಕಮ್ಮಾರಸಾಲೆ, ಶಾಲೆ, ಕೊಟ್ಟಿಗೆಗಳಿವೆ. ಮಕ್ಕಳಿಗೆ ಇವೇ ಇಷ್ಟವಾಗುತ್ತವೆ. ಉದ್ದ ಹುಲ್ಲಿಗೆ ಇಳಿಯಬೇಡಿ, ಈ ಭಾಗದ ಉಣ್ಣಿಯಿಂದ ಲೈಮ್ ಕಾಯಿಲೆ ಹರಡುತ್ತದೆ. ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ತಿರುಚಿದರೆ ಬಾಯಿ ಒಳಗೇ ಮುರಿದು ಉಳಿಯಬಹುದು.

ಅಮೆರಿಕ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲದಲ್ಲಿ, 1780ರ ಅಕ್ಟೋಬರ್ 19ರಂದು ಈ ಮನೆಯ ಹತ್ತಿರದ ಹೊಲದಲ್ಲೇ ಕಾಳಗ ನಡೆಯಿತು. ಬ್ರಿಟಿಷರ ಪರವಾಗಿ ದಾಳಿಯ ಮುಂದಾಳಾಗಿದ್ದವನು ಸರ್ ಜಾನ್ ಜಾನ್ಸನ್. ಮೋಹಾಕ್ ಎಂಬ ಮೂಲನಿವಾಸಿ ಜನರ ನಾಯಕ ಜೋಸೆಫ್ ಬ್ರ್ಯಾಂಟ್ ಕೂಡ ಜೊತೆಗಿದ್ದ. ಆ ಜಾನ್‌ನ ತಂದೆ ವಿಲಿಯಂ ಜಾನ್ಸನ್ 1749ರಲ್ಲಿ ಕಟ್ಟಿಸಿದ ಕಲ್ಲಿನ ಮನೆ ಫೋರ್ಟ್ ಜಾನ್ಸನ್, ಅದೂ ಈಗ ಮ್ಯೂಸಿಯಂ, ಇದೇ ರೂಟ್ 5ರಲ್ಲಿ ಪೂರ್ವಕ್ಕೆ ಆಮ್‌ಸ್ಟರ್‌ಡ್ಯಾಮ್ ಪಟ್ಟಣದ ಬಳಿ ಇದೆ. ಬೆಳಿಗ್ಗೆ ಕ್ಲಾಕ್ ಮನೆ ನೋಡಿ ಮರಳುವಾಗ ಹೆದ್ದಾರಿ ಹಿಡಿಯದೆ ರೂಟ್ 5ರಲ್ಲೇ ಬಂದರೆ ಎರಡೂ ಒಂದೇ ದಿನಕ್ಕೆ ಸಿಗುತ್ತವೆ.