ಆ್ಯಪ್‌ನಲ್ಲಿ ಸರ್ವೆ: ಒಬ್ಬರಿಗೆ ಎಷ್ಟು ಸಲ ತೋರಿಸಬೇಕು, ಲೆಕ್ಕ ಎಲ್ಲಿಡಬೇಕು

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಡೆಯುತ್ತಿರುತ್ತದೆ. ರೈತರೊಬ್ಬರು 15 ಕೆಜಿ ಬಾಕ್ಸಿನ ರೇಟು ನೋಡೋಣ ಅಂತ ಫೋನ್ ತೆಗೆಯುತ್ತಾರೆ. ರೇಟಿನ ಮೇಲೇ ಒಂದು ಪ್ರಶ್ನೆ ಬಂದು ಕೂರುತ್ತದೆ: ‘ಈ ಆ್ಯಪ್ ಬಳಸಿ ಅಂತ ಸ್ನೇಹಿತರಿಗೆ ಹೇಳುತ್ತೀರಾ? 0ಯಿಂದ 10ರೊಳಗೆ ಅಂಕ ಕೊಡಿ.’ ಅವರು ಮುಚ್ಚುತ್ತಾರೆ. ಮಾರನೇ ದಿನ ಮತ್ತೆ ಅದೇ. ಅದರ ಮಾರನೇ ದಿನ ಬೇಸತ್ತು 0 ಒತ್ತಿಬಿಡುತ್ತಾರೆ.

ಆ ಸೊನ್ನೆ ಆ್ಯಪ್‌ಗೆ ಕೊಟ್ಟ ಅಂಕವಲ್ಲ, ಕಾಟಕ್ಕೆ ಕೊಟ್ಟ ಅಂಕ. ಆದರೆ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಫ್ರೆಡ್ ರೈಕೆಲ್ಡ್ ಬರೆದ ಲೇಖನದಿಂದ ಹರಡಿದ ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಪದ್ಧತಿಯಲ್ಲಿ 9, 10 ಕೊಟ್ಟವರ ಶೇಕಡಾವಾರಿನಿಂದ, 0ಯಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. ಸಿಟ್ಟಿನಲ್ಲಿ ಒತ್ತಿದ ಸೊನ್ನೆಗಳು ಸೇರುತ್ತಾ ಹೋದರೆ ಅಂಕ ಇಳಿಯುತ್ತದೆ. ಆ್ಯಪ್‌ನಲ್ಲಿ ಏನು ಕೆಟ್ಟಿದೆ ಅಂತ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ.

ಹಾಲಿನ ಲೆಕ್ಕ, ರೇಷ್ಮೆಗೂಡಿನ ರೇಟು, ಚೀಟಿ ವ್ಯವಹಾರ, ಕೋಚಿಂಗ್ ಕ್ಲಾಸು ಎಲ್ಲಕ್ಕೂ ನಮ್ಮ ಕಡೆಯ ಹುಡುಗರೇ ಈಗ ಆ್ಯಪ್ ಮಾಡುತ್ತಿದ್ದಾರೆ. ಚೆನ್ನಾಗಿಯೂ ಮಾಡುತ್ತಾರೆ. ಸರ್ವೆ, ಅಂದರೆ ಹೀಗೆ ಬಳಕೆದಾರರ ಅಭಿಪ್ರಾಯ ಕೇಳುವ ಪ್ರಶ್ನೆ, ಸೇರಿಸುವಾಗ ಮಾತ್ರ ನಾನು ನೋಡಿದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವಿದ್ದಾರೆ. ಪ್ರತಿ ಸರ್ವೆಗೂ ಒಂದೊಂದು ಮಿತಿ ಹಾಕುತ್ತಾರೆ. ಪ್ರತಿ ಮನುಷ್ಯನಿಗೆ ಮಿತಿ ಹಾಕುವುದಿಲ್ಲ.

ಮೊದಲು ಪ್ರಶ್ನೆ

ಒಂದೇ ಪ್ರಶ್ನೆ, ಒಂದೇ ಸಾಲು, ಬಳಕೆದಾರರು ಆ್ಯಪ್‌ನಲ್ಲಿ ಆರಿಸಿಕೊಂಡ ಭಾಷೆಯಲ್ಲಿ. ಗಡಿ ತಾಲ್ಲೂಕುಗಳಲ್ಲಿ ತೆಲುಗು ಆಯ್ಕೆಯೂ ಇರಲಿ. ಮುಚ್ಚುವ ಗುರುತು ಬೆರಳಿಗೆ ಸಿಗುವಷ್ಟು ದೊಡ್ಡದಾಗಿರಲಿ. ಇಷ್ಟು ಸಾಕು.

ಯಾರಿಗೆ ತೋರಿಸಬೇಕು

ಎಲ್ಲರಿಗೂ ತೋರಿಸಬೇಕಿಲ್ಲ. ಬಳಕೆದಾರರು ಎಷ್ಟೇ ಸಾವಿರ ಇರಲಿ, ಯಾದೃಚ್ಛಿಕವಾಗಿ ಆರಿಸಿದವರಿಂದ ಸುಮಾರು 400 ಉತ್ತರ ಬಂದರೆ ಶೇ 5ರಷ್ಟು ಆಚೀಚೆಯಲ್ಲಿ ಒಟ್ಟು ಅಭಿಪ್ರಾಯ ತಿಳಿಯುತ್ತದೆ. 10 ಜನಕ್ಕೆ ಒಬ್ಬರು ಉತ್ತರಿಸುತ್ತಾರೆ ಅಂದರೆ 4,000 ಜನಕ್ಕೆ ತೋರಿಸಿದರಾಯಿತು.

20,000 ಬಳಕೆದಾರರಿದ್ದರೆ ಯೂಸರ್ ಐಡಿಯ ಹ್ಯಾಶ್ (ಐಡಿಯಿಂದ ಲೆಕ್ಕ ಹಾಕಿ ಪಡೆಯುವ, ಪ್ರತಿ ಸಲವೂ ಅದೇ ಬರುವ ಸಂಖ್ಯೆ) ತೆಗೆದು 100 ಗುಂಪು ಮಾಡಿ. ಈ ತಿಂಗಳು ಮೊದಲ 20 ಗುಂಪು, ಮುಂದಿನ ತಿಂಗಳು ಆಮೇಲಿನ 20. ಹೊಸ ಸರ್ವೆ ಬಂದಾಗಲೆಲ್ಲ ಮತ್ತೆ ಮೊದಲ ಗುಂಪಿನಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಅದೇ 4,000 ಜನಕ್ಕೆ ಪ್ರತಿ ಸಲವೂ ಬೀಳುತ್ತದೆ, ಉಳಿದವರನ್ನು ಯಾರೂ ಕೇಳುವುದೇ ಇಲ್ಲ. ಸೇರಿ ಒಂದು ವಾರವೂ ಆಗದವರನ್ನು, ದೂರು ಇನ್ನೂ ಬಾಕಿ ಇರುವವರನ್ನು, ಈಗಷ್ಟೇ ಪೇಮೆಂಟ್ ಫೇಲ್ ಆದವರನ್ನು ಬಿಟ್ಟುಬಿಡಿ.

ಲೆಕ್ಕ ಇಡುವುದು: ಎಲ್ಲರೂ ಎಡವುವ ಜಾಗ

ಹಾಲಿನ ಡೈರಿಯಲ್ಲಿ ಒಬ್ಬ ಸದಸ್ಯರಿಗೆ ಒಂದೇ ಪುಸ್ತಕ ಇರುತ್ತದೆ. ಬೆಳಗ್ಗೆ ಹಾಕಿದ ಹಾಲು, ಸಂಜೆ ಹಾಕಿದ ಹಾಲು ಎರಡೂ ಅದರಲ್ಲೇ ಬರೆಯುತ್ತಾರೆ. ಸರ್ವೆ ಲೆಕ್ಕವೂ ಹಾಗೇ ಇರಬೇಕು. ಒಂದು ಟೇಬಲ್ ಮಾಡಿ, ಒಬ್ಬ ಬಳಕೆದಾರರಿಗೆ ಒಂದು ಸಾಲು. ಅದರಲ್ಲಿ ಕೊನೆಯ ಸಲ ಏನಾದರೂ ಕೇಳಿದ ಸಮಯ, ಯಾವ ಸರ್ವೆ, ಏನಾಯಿತು, ಈ ವರ್ಷ ಒಟ್ಟು ಎಷ್ಟು ಸಲ ಕೇಳಿದ್ದೀರಿ, ಇಷ್ಟು ಇರಲಿ. ಫೋನ್ ನಂಬರ್ ಬೇಡ, ಯೂಸರ್ ಐಡಿ ಸಾಕು.

ಇದು ಯಾಕೆ ಬೇಕು? ಐದು ಸರ್ವೆ ಇವೆ, ಪ್ರತಿಯೊಂದಕ್ಕೂ ‘30 ದಿನಕ್ಕೊಮ್ಮೆ’ ಅಂತ ಹಾಕಿದ್ದೀರಿ ಅಂದುಕೊಳ್ಳಿ. ಪ್ರತಿ ಸರ್ವೆಯೂ ತನ್ನ ನಿಯಮ ಪಾಲಿಸುತ್ತದೆ. ಬಳಕೆದಾರರಿಗೆ ತಿಂಗಳಿಗೆ ಐದು ಸಲ ಬೀಳುತ್ತದೆ. ಐದೂ ಒಂದೇ ದಿನ ಬಂದರೂ ಯಾವ ನಿಯಮವೂ ಮುರಿದಂತಲ್ಲ. ದುಡ್ಡು ಕೊಟ್ಟು ತರುವ ಸರ್ವೆ ಟೂಲ್‌ಗಳಲ್ಲೂ ಇದನ್ನು ನೋಡಿಕೊಳ್ಳಬೇಕು. ಎಲ್ಲ ಸರ್ವೆಗೂ ಸೇರಿ ಒಂದೇ ಅಂತರ ಹಾಕಲು ಬಿಡದ ಟೂಲ್ ಎಷ್ಟೇ ಚೆಂದವಾಗಿದ್ದರೂ ತೆಗೆದುಕೊಳ್ಳಬೇಡಿ. ‘ಸೆಷನ್‌ಗೆ ಒಂದು ಸಲ’ (ಅಂದರೆ ಆ್ಯಪ್ ತೆರೆದಾಗಲೆಲ್ಲ ಒಂದು ಸಲ) ಅನ್ನುವ ಆಯ್ಕೆಯನ್ನಂತೂ ಮುಟ್ಟಲೇಬೇಡಿ. ರೇಟು ನೋಡುವವರು ದಿನಕ್ಕೆ ಹತ್ತು ಸಲ ಆ್ಯಪ್ ತೆರೆಯುತ್ತಾರೆ, ಅಲ್ವಾ?

ಅಂತರವನ್ನು ಯಾವಾಗಿನಿಂದ ಎಣಿಸಬೇಕು? ತೋರಿಸಿದ ಕ್ಷಣದಿಂದ. ತುಂಬಾ ಜನ ಉತ್ತರ ಬಂದಾಗಿನಿಂದ ಎಣಿಸುತ್ತಾರೆ. ಆಗ ಉತ್ತರ ಕೊಟ್ಟವರಿಗೆ ಬಿಡುವು ಸಿಗುತ್ತದೆ, ಬೇಡ ಅಂತ ಮುಚ್ಚಿದವರಿಗೆ ದಿನಾ ಬೀಳುತ್ತದೆ. ಯಾರಿಗೆ ಇಷ್ಟವಿಲ್ಲವೋ ಅವರನ್ನೇ ಹಿಡಿದು ಕೇಳಿದಂತೆ ಆಗುತ್ತದೆ. ಮೇಲೆ ಹೇಳಿದ ಸೊನ್ನೆಗಳಲ್ಲಿ ಜಾಸ್ತಿ ಹುಟ್ಟುವುದು ಇಲ್ಲೇ.

ನಾನು ಹೇಳುವ ಅಳತೆ ಇದು. ಯಾವ ಸರ್ವೆಯೇ ಆಗಲಿ, ತೋರಿಸಿದ ಮೇಲೆ 30 ದಿನ ಬೇರೇನೂ ಬೇಡ. ಅದೇ ಪ್ರಶ್ನೆ ಮತ್ತೆ ಕೇಳಲು 90 ದಿನ. ಸತತ ಎರಡು ಸಲ ಮುಚ್ಚಿದವರಿಗೆ 180 ದಿನ. ದೂರು ಬಗೆಹರಿದ ಮೇಲೆ ‘ಸರಿ ಹೋಯಿತಾ?’ ಅಂತ ಕೇಳುವ ಪ್ರಶ್ನೆಗೆ ಮಾತ್ರ ರಿಯಾಯಿತಿ ಕೊಡಿ, ಅದಕ್ಕೂ ಹಿಂದಿನ ಪ್ರಶ್ನೆಗೂ 7 ದಿನವಾದರೂ ಇರಲಿ. ‘ನಮ್ಮದು ಅರ್ಜೆಂಟು’ ಅಂತ ಮಾರ್ಕೆಟಿಂಗ್‌ನವರು ಬಂದರೆ ಒಪ್ಪಬೇಡಿ. ‘ಆಮೇಲೆ ಕೇಳಿ’ ಅನ್ನುವ ಬಟನ್ ಕೂಡ ಬೇಡ. ಜನ ಅದನ್ನು ‘ಬೇಡ’ ಅನ್ನುವುದಕ್ಕೇ ಒತ್ತುತ್ತಾರೆ.

ಲೆಕ್ಕ ಸರ್ವರ್‌ನಲ್ಲೇ ಇರಬೇಕು. ಫೋನಿನೊಳಗೆ ಇಟ್ಟರೆ ಆ್ಯಪ್ ತೆಗೆದು ಮತ್ತೆ ಹಾಕಿದಾಗ ಅಳಿಸಿಹೋಗುತ್ತದೆ. ಜಾಗ ಸಾಲದೆ ಫೋನ್ ಖಾಲಿ ಮಾಡುವವರು ಹಳ್ಳಿಗಳಲ್ಲಿ ಬಹಳ. ಸಮಯವೂ ಸರ್ವರ್‌ನದೇ ಆಗಿರಲಿ, ಫೋನಿನ ತಾರೀಖು ನಂಬುವಂಥದ್ದಲ್ಲ. ಒಂದೇ ಫೋನಿನಲ್ಲಿ ಅಪ್ಪ ಒಂದು ಲಾಗಿನ್, ಮಗಳು ಇನ್ನೊಂದು ಲಾಗಿನ್ ಬಳಸುತ್ತಿದ್ದರೆ ಆ ಫೋನಿಗೂ ಒಂದು ಅಂತರ ಇಡಿ. ವಾರ ಸಾಕು. ನೆಟ್ ಇಲ್ಲದಾಗ ಸರ್ವೆ ತೋರಿಸಲೇಬೇಡಿ. ಲೆಕ್ಕ ನೋಡದೆ ತೋರಿಸುವುದಕ್ಕಿಂತ ಒಂದು ಉತ್ತರ ಕಳೆದುಕೊಳ್ಳುವುದೇ ವಾಸಿ.

ಇನ್ನೊಂದು ಸೂಕ್ಷ್ಮ ಇದೆ. ಆ್ಯಪ್ ತೆರೆದ ಕೂಡಲೇ ಎರಡು ಸರ್ವೆಗಳು ಒಟ್ಟಿಗೆ ‘ತೋರಿಸಬಹುದಾ?’ ಅಂತ ಸರ್ವರ್‌ನ್ನು ಕೇಳುತ್ತವೆ. ಟೇಬಲ್‌ನಲ್ಲಿ ಇನ್ನೂ ಏನೂ ಬರೆದಿಲ್ಲ, ಹಾಗಾಗಿ ಎರಡಕ್ಕೂ ‘ಹೌದು’ ಸಿಗುತ್ತದೆ. ಒಂದರ ಹಿಂದೆ ಒಂದು ಬೀಳುತ್ತದೆ. ಇದಕ್ಕೆ ಮದ್ದು, ನೋಡುವುದು ಮತ್ತು ಬರೆಯುವುದು ಎರಡನ್ನೂ ಒಂದೇ ಏಟಿಗೆ ಮಾಡುವುದು. ‘ಕೊನೆಯ ಸಮಯ 30 ದಿನಕ್ಕಿಂತ ಹಳೆಯದಾಗಿದ್ದರೆ ಈಗಿನ ಸಮಯ ಬರೆ’ ಅಂತ ಒಂದೇ ಅಪ್‌ಡೇಟ್ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಕಳಿಸಿ. ಒಂದು ಸಾಲು ಬದಲಾದರೆ ಆ ಸರ್ವೆಗೆ ಅನುಮತಿ. ಒಂದು ಸಾಲೂ ಬದಲಾಗದಿದ್ದರೆ ಅನುಮತಿ ಇಲ್ಲ. ಹೊಸ ಬಳಕೆದಾರರ ಸಾಲನ್ನು ಅವರು ನೋಂದಾಯಿಸಿಕೊಂಡಾಗಲೇ ಸೃಷ್ಟಿಸಿಡಿ. ಇಲ್ಲದಿದ್ದರೆ ಬದಲಿಸಲು ಸಾಲೇ ಇರುವುದಿಲ್ಲ, ಅವರಿಗೆ ಯಾವತ್ತೂ ಸರ್ವೆ ಬರುವುದಿಲ್ಲ. ಅನುಮತಿ ಸಿಗದ ಸರ್ವೆಯನ್ನು ನಾಳೆಗೆ ಅಂತ ಸರದಿಯಲ್ಲಿ ನಿಲ್ಲಿಸಬೇಡಿ. ಅದು ಪೂರಾ ಅಂತರ ಕಾಯಲಿ.

ಸ್ಟಾರ್ ಕೇಳುವುದೂ ಇದೇ ಲೆಕ್ಕಕ್ಕೆ

ಆ್ಯಪ್ ಸ್ಟೋರ್‌ನಲ್ಲಿ ಸ್ಟಾರ್ ಕೊಡಿ ಅಂತ ಕೇಳುವುದು ಸರ್ವೆ ಅಲ್ಲ ಅಂತ ಕೆಲವರ ವಾದ. ನೋಡುವವರಿಗೆ ಎರಡೂ ಅಡ್ಡವೇ. ಆ್ಯಪಲ್‌ನ ಸಿಸ್ಟಮ್ ತನ್ನ ರೇಟಿಂಗ್ ಪೆಟ್ಟಿಗೆಯನ್ನು ಒಬ್ಬ ಬಳಕೆದಾರರಿಗೆ ಒಂದು ಆ್ಯಪ್‌ಗೆ 365 ದಿನದಲ್ಲಿ 3 ಸಲಕ್ಕಿಂತ ಜಾಸ್ತಿ ತೋರಿಸುವುದಿಲ್ಲ. ಗೂಗಲ್ ಪ್ಲೇ ಕೂಡ ತನ್ನದೇ ಮಿತಿ ಇಟ್ಟಿದೆ. ಅದಕ್ಕೇ ‘ರೇಟಿಂಗ್ ಕೊಡಿ’ ಅಂತ ಒಂದು ಬಟನ್ ಇಟ್ಟು ಅದರಿಂದ ಈ ಪೆಟ್ಟಿಗೆ ಕರೆಯಬೇಡಿ. ಮಿತಿ ಮುಗಿದಿದ್ದರೆ ಬಟನ್ ಒತ್ತಿದವರಿಗೆ ಏನೂ ಕಾಣುವುದಿಲ್ಲ. ಪೆಟ್ಟಿಗೆ ನಿಜಕ್ಕೂ ಕಂಡಿತೋ ಇಲ್ಲವೋ ಅಂತ ಎರಡೂ ಕಡೆ ನಿಮ್ಮ ಆ್ಯಪ್‌ಗೆ ಹೇಳುವುದಿಲ್ಲ. ಹಾಗಾಗಿ ಕರೆದ ಕೂಡಲೇ ತೋರಿಸಿದ್ದೀರಿ ಅಂತಲೇ ಬರೆದುಕೊಳ್ಳಿ.

ಯಾವಾಗ ತೋರಿಸಬೇಕು

ಕೆಲಸ ಮುಗಿದ ಮೇಲೆ. ಹಾಲಿನ ಬಟವಾಡೆ ನೋಡಿ ಹಿಂದೆ ಬಂದಾಗ, ಬಿಲ್ ಇಳಿಸಿಕೊಂಡಾಗ. ಆ್ಯಪ್ ತೆರೆದ ತಕ್ಷಣ ಬೇಡ, ಹರಾಜಿನ ಹೊತ್ತಿಗೆ ರೇಟಿನ ಪುಟದಲ್ಲಂತೂ ಬೇಡವೇ ಬೇಡ.

ಬಿಡುವ ಮೊದಲು ಪರೀಕ್ಷೆ

ಟೆಸ್ಟ್ ಆ್ಯಪ್‌ನಲ್ಲಿ 30 ದಿನದ ಬದಲು 2 ನಿಮಿಷ ಹಾಕಿ. ಸರ್ವೆ ಬಂದಾಗ ಮುಚ್ಚಿ, ತಕ್ಷಣ ಮತ್ತೆ ತೆರೆಯಿರಿ. ಆ್ಯಪ್ ತೆಗೆದು ಮತ್ತೆ ಹಾಕಿ. ಫೋನಿನ ತಾರೀಖು ಮುಂದಿನ ವರ್ಷಕ್ಕೆ ತಳ್ಳಿ. ನೆಟ್ ಆಫ್ ಮಾಡಿ. ಒಂದೇ ಲಾಗಿನ್‌ನಲ್ಲಿ ಎರಡು ಫೋನ್ ಒಟ್ಟಿಗೆ ತೆರೆಯಿರಿ. ಕೊನೆಯದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ, ತಪ್ಪು ಸಿಗುವುದೂ ಅದರಲ್ಲೇ.

30, 90, 180 ಇವನ್ನೆಲ್ಲ ಕೋಡಿನೊಳಗೆ ಹೂತುಬಿಡಬೇಡಿ. ಆ್ಯಪ್ ಅಪ್‌ಡೇಟ್ ಇಲ್ಲದೆಯೇ ಸಂಖ್ಯೆ ಬದಲಿಸಲು ಬಿಡುವ ಗೂಗಲ್‌ನ ಫೈರ್‌ಬೇಸ್ ರಿಮೋಟ್ ಕಾನ್ಫಿಗ್‌ನಲ್ಲೋ ನಿಮ್ಮದೇ ಸರ್ವರ್‌ನಲ್ಲೋ ಇಡಿ. ಜೊತೆಗೆ ಎಲ್ಲ ಸರ್ವೆಗಳನ್ನೂ ಒಟ್ಟಿಗೆ ನಿಲ್ಲಿಸುವ ಒಂದು ಸ್ವಿಚ್ಚೂ ಇರಲಿ. ಆ್ಯಪ್ ಅಪ್‌ಡೇಟ್ ಕಳಿಸಿ ನಿಲ್ಲಿಸುತ್ತೇವೆ ಅಂದರೆ, ಅಪ್‌ಡೇಟ್ ಮಾಡಿಕೊಳ್ಳದವರಿಗೆ ಅದು ಬೀಳುತ್ತಲೇ ಇರುತ್ತದೆ.

ಬಿಟ್ಟ ಮೇಲೆ ವಾರಕ್ಕೊಮ್ಮೆ ಒಂದು ಕ್ವೆರಿ ಓಡಿಸಿ: ಅಂತರ ಮುಗಿಯುವ ಮೊದಲೇ ಎರಡು ಸಲ ಸರ್ವೆ ನೋಡಿದವರು ಯಾರಾದರೂ ಇದ್ದಾರಾ? ಇದಕ್ಕೆ ಬಳಕೆದಾರರ ಟೇಬಲ್ ಸಾಲದು. ಪ್ರತಿ ಸಲ ಪರದೆ ಮೇಲೆ ಸರ್ವೆ ಬಂದಾಗ ಆ್ಯಪ್ ಕಳಿಸುವ ಬೇರೆ ಲಾಗ್ (ದಾಖಲೆ) ಇರಬೇಕು. ದೂರಿನ ಪ್ರಶ್ನೆ ಬಿಟ್ಟು ಉಳಿದದ್ದರಲ್ಲಿ ಉತ್ತರ ಸೊನ್ನೆ ಬರಬೇಕು. ಒಬ್ಬರೇ ಸಿಕ್ಕರೂ ಸ್ವಿಚ್ ಆಫ್ ಮಾಡಿ, ಆಮೇಲೆ ಕಾರಣ ಹುಡುಕಿ. ಟೇಬಲ್‌ನ್ನು ಕೇಳದೆ ಯಾರೋ ನೇರವಾಗಿ ಪುಟದಲ್ಲಿ ಸೇರಿಸಿದ ಹೊಸ ಸರ್ವೆ ಇದೆಯಾ ಅಂತ ಮೊದಲು ನೋಡಿ.